ಇಂದಿನ ಧಮ್ಮ ಚಿಂತನೆ: ಹೂ ಬಿದ್ದ ಕಣ್ಣು

 



ನಮ್ಮಪ್ಪ ಸುಣ್ಣ ಬಳಿಯುವ ಕೆಲಸ ಮಾಡುತ್ತಿದ್ದರು. ಒಮ್ಮೆ ಸುಣ್ಣ ಸಿಡಿದು ಎಡಗಣ್ಣಿಗೆ ಹೂ ಬಿತ್ತು. ಹೂ ಬೀಳುವ ಆ ಜಾಗವೇ ಕಾರ್ನಿಯಾ.

ಕಣ್ಣಿನ ಮುಂದಿರುವ ಈ ಪಾರದರ್ಶಕ ಪೊರೆಯ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಆದರೆ ಕಣ್ಣಿಗೆ ಬರುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರನೇ ಎರಡು ಪಾಲು ಇದರದ್ದೇ. ಬೆಳಕಿಗೆ ಅಡ್ಡವಾಗದಂತೆ ಇದರಲ್ಲಿ ರಕ್ತನಾಳಗಳೇ ಇಲ್ಲ. ಎಚ್ಚರವಿರುವಾಗ ಕಣ್ಣೀರಿನ ಪದರದ ಮೂಲಕ ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ. ಒಳಬದಿಯ ಒಂದೇ ಪದರದ ಜೀವಕೋಶಗಳು ಹಗಲಿರುಳು ನೀರನ್ನು ಹೊರಹಾಕುತ್ತಿರುತ್ತವೆ. ಅವು ಸೋತರೆ ಕಾರ್ನಿಯಾ ಊದಿಕೊಂಡು ಮಂಜಾಗುತ್ತದೆ. ಸ್ವಚ್ಛವಾಗಿರುವುದೂ ಒಂದು ದುಡಿಮೆ. ನಮ್ಮ ಮನಸ್ಸಿಗೂ ಇದೇ ಮಾತು.

1905ರಲ್ಲಿ ಡಾ. ಎಡ್ವರ್ಡ್ ಜಿರ್ಮ್ ಮನುಷ್ಯನಿಗೆ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದರು. ರೋಗಿ ಒಬ್ಬ ಕೂಲಿಕಾರ. ಅವನ ಕಣ್ಣೂ ಸುಣ್ಣದಿಂದಲೇ ಸುಟ್ಟಿತ್ತು! 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಈ ಕಸಿಗೆ ಸಾಮಾನ್ಯವಾಗಿ ರಕ್ತದ ಗುಂಪನ್ನೂ ಹೊಂದಿಸಬೇಕಿಲ್ಲ. ಇನ್ನು ಜಾತಿಯ ಮಾತೆಲ್ಲಿ?

ಅಪ್ಪ ತೀರಿಕೊಂಡಾಗ ಅವರ ಬಲಗಣ್ಣು ಚೆನ್ನಾಗಿತ್ತು. ಕಣ್ಣು ಕೊಡೋಣವೇ ಎಂದು ತಂಗಿ ಕೇಳಿದಳು. "ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ತಾನೆ, ಬೇಡ" ಎಂದರು ಹಿರಿಯರೊಬ್ಬರು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇತ್ತು. ಮೂಢನಂಬಿಕೆ ಬೇಡವೆಂದು ಮಕ್ಕಳಿಗೆ ದಿನವೂ ಹೇಳುವ ನಾನು ಸುಮ್ಮನಿದ್ದೆ. ಆರು ಗಂಟೆ ಕಳೆದುಹೋಯಿತು. ಅಂದು ಹೂ ಬಿದ್ದಿದ್ದು ನನ್ನ ಕಣ್ಣಿಗೆ.

ದೇಹ ಬಿಟ್ಟು ದೇಹ ಸೇರುವ ಆತ್ಮವಿಲ್ಲ ಎಂದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಸ್ಪಷ್ಟಪಡಿಸಿದ್ದಾರೆ. ದಾನ ಪಾರಮಿತವೆಂದರೆ ಹಣ, ವಸ್ತು ಕೊಡುವುದಷ್ಟೇ ಅಲ್ಲ, ಪ್ರತಿಫಲ ಬಯಸದೆ ಅಂಗಗಳನ್ನೂ ಕೊಡುವುದು ಎಂಬ ಅರ್ಥವನ್ನೂ ಅಲ್ಲೇ ನೀಡಿದ್ದಾರೆ. ದಶ ಪಾರಮಿತಗಳನ್ನು ಪಾಲಿಸುವುದಾಗಿ 22 ಪ್ರತಿಜ್ಞೆಗಳಲ್ಲಿ ನಾವೇ ನುಡಿದಿದ್ದೇವೆ.

ಕನ್ನಡಕ ಹಾಕುವವರೂ, ಕಣ್ಣಿನ ಪೊರೆ ತೆಗೆಸಿದವರೂ ನೇತ್ರದಾನ ಮಾಡಬಹುದು. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕಿರುವುದರಿಂದ ಕೂಡಲೇ ನೇತ್ರಬ್ಯಾಂಕಿಗೆ ತಿಳಿಸಬೇಕು. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ತಲೆಗೆ ದಿಂಬು ಕೊಡಿ. ಮುಖ ವಿಕಾರವಾಗುವುದಿಲ್ಲ.

ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯವರ ಮುಂದೆ ಈ ಮಾತು ಎತ್ತಿ. ಸಾವಿನ ಮನೆಯಲ್ಲಿ ಎತ್ತುವುದು ಬಹಳ ಕಷ್ಟ. ನನಗೆ ಗೊತ್ತು.

ಭವತು ಸಬ್ಬ ಮಂಗಲಂ. 🪷