ರೇಜರಿಗೊಂದು ದೀಪ

ಸೇಫ್ಟಿ ರೇಜರಿನ ಹಿಡಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ದೀಪ ಅಂತ ಒಂದು ವಸ್ತು ಇದೆ. ಒಂದು ಕ್ಲಿಪ್ಪು, ಒಂದು ಸಣ್ಣ ಬ್ಯಾಟರಿ, ತುದಿಯಲ್ಲೊಂದು ಬಲ್ಬು, ಅಷ್ಟೇ. ಬ್ಲೇಡು ಎಲ್ಲಿ ಹೋಗುತ್ತೋ ಬೆಳಕೂ ಅದರ ಜೊತೆಗೇ ಹೋಗುತ್ತೆ. ಕೇಳಿದ ಕೂಡಲೇ ನಗು ಬರುತ್ತೆ. ಬಾತ್‌ರೂಮಲ್ಲಿ ಕನ್ನಡಿ ಮೇಲೊಂದು ಲೈಟು ಇದ್ದೇ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತ ಕೇಳಿದ ಭಾಷೆ ನಮ್ಮದು. ಕೆನ್ನೆ ಕೂದಲಿಗೆ ಕನ್ನಡಿ ಸಾಲದು, ಟಾರ್ಚೂ ಬೇಕು ಅಂದರೆ ನಗದೇ ಇನ್ನೇನು ಮಾಡೋದು?

ಆದರೆ ಇಂಥ ವಸ್ತು ಯಾರಿಗೆ ಹೊಳೆದೀತು ಅಂತ ಯೋಚಿಸಿದರೆ ನಗು ಸ್ವಲ್ಪ ಕಡಿಮೆಯಾಗುತ್ತೆ. ಕಿಂಗ್ ಕ್ಯಾಂಪ್ ಜಿಲೆಟ್ ಬಳಸಿ ಬಿಸಾಡುವ ಬ್ಲೇಡಿನ ರೇಜರಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1901ರಲ್ಲಿ. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು 51 ರೇಜರ್, 168 ಬ್ಲೇಡ್. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೈನಿಕರ ಚೀಲಗಳಲ್ಲೆಲ್ಲ ಅದೇ ರೇಜರು. ಕ್ಷೌರದಂಗಡಿಯಲ್ಲಿ ಇನ್ನೊಬ್ಬರ ಕೈಯಲ್ಲಿ ನಡೆಯುತ್ತಿದ್ದ ಕೆಲಸ ಹೀಗೆ ಮನೆಗೆ ಬಂತು. ಬಂದದ್ದು ಎಂಥ ಮನೆಗೆ? 1930ರ ದಶಕದ ಮಧ್ಯದಲ್ಲೂ ಅಮೆರಿಕದ ಹೊಲಮನೆಗಳಲ್ಲಿ ಸುಮಾರು ಹತ್ತಕ್ಕೆ ಒಂದಕ್ಕೆ ಮಾತ್ರ ಕರೆಂಟ್ ಇತ್ತು. ಬೆಳಗಾಗುವ ಮೊದಲೇ ಎದ್ದು, ಸೀಮೆಎಣ್ಣೆ ಲಾಂದ್ರದ ಮುಂದೆ ಗಡ್ಡ ಕೆರೆದುಕೊಳ್ಳುವವನಿಗೆ ಒಂದು ಕೆನ್ನೆ ಕಂಡರೆ ಇನ್ನೊಂದು ಕೆನ್ನೆ ಕತ್ತಲು. ಅವನಿಗೆ ಈ ದೀಪ ಶೋಕಿ ಅಲ್ಲ.

ನಮ್ಮ ಮಾವನವರಿಗೂ ಅಲ್ಲ. ಅವರಿಗೀಗ ಎಪ್ಪತ್ತೊಂಬತ್ತು, ನೋಟ ಮಂಕಾಗಿದೆ. ವಾರಕ್ಕೆರಡು ಸಲ ಮನೆಗೇ ಬಂದು ಶೇವ್ ಮಾಡುವವರನ್ನು ಗೊತ್ತು ಮಾಡ್ತೀನಿ ಅಂದೆ. "ಬೇಡಿ ಅಳಿಯಂದ್ರೇ, ನನ್ನ ಮುಖ ನಾನೇ ನೋಡ್ಕೋತೀನಿ. ಬೆಳಕು ಒಂಚೂರು ಜಾಸ್ತಿ ಬೇಕು, ಅಷ್ಟೇ" ಅಂದರು. ಆ ಮಾತಿನಲ್ಲಿದ್ದದ್ದು ಅಂದಚೆಂದದ ಆಸೆಯಲ್ಲ, ಇನ್ನೊಬ್ಬರಿಗೆ ಕಾಯದೆ ಬದುಕುವ ಹಟ. ಅಂಥವರ ಕೈಗೆ ಸಿಗುವ ಬೆಳಕಿನ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಶುರುವಾಗೋದು ನಮ್ಮಂಥವರ ಹತ್ತಿರ. ಕಣ್ಣೂ ಚೆನ್ನಾಗಿದೆ, ಬಾತ್‌ರೂಮಲ್ಲಿ ಬೆಳಕೂ ಇದೆ. ಆದರೂ ಇನ್ನಷ್ಟು ಹತ್ತಿರದಿಂದ ನೋಡಬೇಕು ಅನ್ನಿಸುತ್ತೆ. ನೋಡಿದರೆ ಏನಾಗುತ್ತೆ?

ಮನೆಗೆ ಪೇಂಟ್ ಮಾಡಿಸಿದವರಿಗೆ ಇದು ಗೊತ್ತಿರುತ್ತೆ. ಪುಟ್ಟಿ ಬಳಿದ ಗೋಡೆ ಹಗಲಲ್ಲಿ ನುಣ್ಣಗೆ ಕಾಣುತ್ತೆ. ಸಂಜೆ ಒಂದು ಬಲ್ಬನ್ನು ಗೋಡೆಗೆ ತಾಗುವ ಹಾಗೆ ಅಡ್ಡಡ್ಡ ಹಿಡಿದು ನೋಡಿ, ಅದೇ ಗೋಡೆ ಉಬ್ಬುತಗ್ಗಿನ ನಕ್ಷೆ! ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಸಣ್ಣ ಉಬ್ಬೂ ತನ್ನ ಪಕ್ಕಕ್ಕೆ ಉದ್ದದ ನೆರಳು ಚೆಲ್ಲುತ್ತೆ. ವಿಡಿಯೋ ಕಾಲ್‌ಗೆ ನಾವು ಇಟ್ಟುಕೊಳ್ಳುವ ರಿಂಗ್ ಲೈಟ್ ಇದಕ್ಕೆ ತದ್ವಿರುದ್ಧ. ಕ್ಯಾಮೆರಾದ ಸುತ್ತಲಿಂದ ನೇರ ಮುಖಕ್ಕೆ ಬರುವ ಬೆಳಕಿನಲ್ಲಿ ನೆರಳೇ ಉಳಿಯಲ್ಲ, ಮುಖ ತಿದ್ದಿದ ಹಾಗೆ ಕಾಣುತ್ತೆ. ರೇಜರಿನ ದೀಪ ಚರ್ಮದ ಹತ್ತಿರದಿಂದ ಓರೆಯಾಗಿ ಬೀಳುವುದರಿಂದ ಪ್ರತಿ ಕೂದಲಿನ ಬುಡವನ್ನೂ ದೊಡ್ಡದು ಮಾಡಿ ತೋರಿಸುತ್ತೆ. ಮುಖ ಅದೇ, ಗಡ್ಡ ಅದೇ. ಎರಡು ದೀಪಗಳು ಹೇಳುವುದು ಎರಡು ಕಥೆ. ಎರಡೂ ಸುಳ್ಳಲ್ಲ ಅನ್ನುವುದೇ ಫಜೀತಿ.

ಒರಟು ಇರೋದು ನಿಜ. ಅದು ತಪ್ಪೋ ಅಲ್ಲವೋ ಅನ್ನೋದನ್ನು ಬೆಳಕು ಹೇಳಲ್ಲ. ಅದನ್ನು ನಾವು ಸೇರಿಸುತ್ತೇವೆ, ಎಷ್ಟು ಬೇಗ ಸೇರಿಸುತ್ತೇವೆ ಅಂದರೆ, ಕಂಡದ್ದೂ ತೀರ್ಪು ಕೊಟ್ಟದ್ದೂ ಒಂದೇ ಗಳಿಗೆ ಅನ್ನಿಸಿಬಿಡುತ್ತೆ. ಕಂಡ ಮೇಲೆ ಬ್ಲೇಡು ಕೈಯಲ್ಲೇ ಇದೆ, ಇನ್ನೊಂದು ಸಲ ಎಳೆದುಬಿಡೋಣ. ಇದೇ ಜಾಗಕ್ಕೆ ಮೂರನೇ ಸಲ, ನಾಲ್ಕನೇ ಸಲ. ಕೊನೆಗೆ ಉಳಿಯೋದು ಕೆಂಪಗೆ ಉರಿಯುವ ಚರ್ಮ.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ 'ಮೋರ್ ವರ್ಕ್ ಫಾರ್ ಮದರ್' ಪುಸ್ತಕದಲ್ಲಿ ಇಂಥದ್ದನ್ನೇ ಮನೆಗೆಲಸದ ಬಗ್ಗೆ ತೋರಿಸಿದ್ದಾರೆ. ವಾಷಿಂಗ್ ಮೆಷಿನ್ನು, ವ್ಯಾಕ್ಯೂಮ್ ಕ್ಲೀನರು ಬಂದ ಮೇಲೆ ಹೆಂಗಸರ ದುಡಿಮೆಯ ಗಂಟೆಗಳು ಅಂದುಕೊಂಡ ಹಾಗೆ ಕಡಿಮೆಯಾಗಲಿಲ್ಲ. ಸ್ವಚ್ಛ ಅನ್ನುವ ಅಳತೆಗೋಲೇ ಮೇಲಕ್ಕೆ ಹೋಯಿತು. ರೇಜರಿನ ಕಥೆಯಲ್ಲೂ ಹೀಗೊಂದು ತಿರುವಿದೆ. 1915ರಲ್ಲಿ ಜಿಲೆಟ್ ಕಂಪನಿ ಹೆಂಗಸರಿಗೆಂದೇ 'ಮಿಲೇಡಿ ಡೆಕೊಲ್ಟೇ' ಅನ್ನುವ ರೇಜರ್ ತಂದಿತು. ತೋಳಿಲ್ಲದ ಉಡುಪು ಬಂತು, ಕಂಕುಳು ಕಣ್ಣಿಗೆ ಬಿತ್ತು, ಅಲ್ಲಿನ ಕೂದಲು ಮುಜುಗರದ ವಿಷಯವಾಯಿತು. ಕೂದಲು ಹೊಸದಾಗಿ ಹುಟ್ಟಲಿಲ್ಲ, ನೋಟ ಹೊಸದಾಗಿ ಬಂತು ಅಷ್ಟೇ.

ಹಾಗಾಗಿ ನನ್ನ ಪ್ರಶ್ನೆ: ಕಂಡದ್ದನ್ನೆಲ್ಲ ಸರಿಮಾಡಲೇಬೇಕಾ?

ಸ್ವಂತ ಕೆನ್ನೆಯ ಮಟ್ಟಿಗೆ ಉತ್ತರ ಸುಲಭ. ಅತಿಯಾದರೆ ಉರಿ ಹೇಳುತ್ತೆ. ದೀಪ ಹಿಡಿದವನೂ ನಾನೇ, ಬ್ಲೇಡು ಹಿಡಿದವನೂ ನಾನೇ, ಉರಿಯೋದೂ ನನಗೇ. ಮೂರೂ ಒಂದೇ ಕಡೆ ಇರುವವರೆಗೆ ದೊಡ್ಡ ಅನ್ಯಾಯವೇನೂ ಆಗಲ್ಲ.

ಆಫೀಸಿನಲ್ಲಿ ಇವು ಮೂರೂ ಬೇರೆಬೇರೆ. ನಾನು ಎಂಟು ಜನರ ಟೀಮ್ ನೋಡಿಕೊಳ್ಳುತ್ತೇನೆ. ಈಚೆಗೆ ನನಗೊಂದು ಡ್ಯಾಶ್‌ಬೋರ್ಡ್ ಸಿಕ್ಕಿದೆ: ಯಾರು ಎಷ್ಟು ಹೊತ್ತು ಆನ್‌ಲೈನ್ ಇದ್ದರು, ಯಾರು ಮೆಸೇಜಿಗೆ ಎಷ್ಟು ಬೇಗ ಉತ್ತರ ಕೊಟ್ಟರು, ಎಲ್ಲ. ಅಪ್ರೈಸಲ್ ಬರೆಯುವ ಕೈಯೂ ನನ್ನದೇ. ಅಂದರೆ ದೀಪವೂ ಬ್ಲೇಡೂ ನನ್ನ ಕೈಯಲ್ಲಿ, ಕೆನ್ನೆ ಮಾತ್ರ ಬೇರೆಯವರದು. ಒಬ್ಬರು ದಿನಾ ನಾಲ್ಕರಿಂದ ಐದರವರೆಗೆ ಕಾಣೆಯಾಗುತ್ತಾರೆ ಅಂತ ಅದು ತೋರಿಸುತ್ತೆ. ಅವರ ಕೆಲಸ ಒಂದು ದಿನವೂ ತಡವಾಗಿಲ್ಲ. ಆ ಒಂದು ಗಂಟೆ ಹಿಂದೆಯೂ ಇತ್ತು, ಆಗ ಅದು ಯಾರಿಗೂ ಸಮಸ್ಯೆಯಾಗಿರಲಿಲ್ಲ. ಈಗ ಸ್ಕ್ರೀನಿನ ಮೇಲೊಂದು ಉಬ್ಬು, ಪಕ್ಕದಲ್ಲಿ ಉದ್ದದ ನೆರಳು. ಇನ್ನೊಬ್ಬರದ್ದು ಬೆಳಗಿಂದ ರಾತ್ರಿವರೆಗೂ ಹಸಿರೋ ಹಸಿರು. ಆದರೆ ಕಾಲ್‌ನಲ್ಲಿ ಅವರ ದನಿ ಕೇಳಿದರೆ ಗೊತ್ತಾಗುತ್ತೆ, ಮನುಷ್ಯ ಬಳಲಿ ಹೋಗಿದ್ದಾರೆ ಅಂತ. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ ಇರಬೇಕು.

ಹಾಗಂತ ದೀಪ ಆರಿಸಿಬಿಡಿ, ಮನುಷ್ಯರನ್ನು ಮನಸ್ಸಿನಿಂದ ಅಳೆಯಿರಿ ಅನ್ನೋದು ಕೇಳಲು ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ಮನಸ್ಸಿನ ಅಳತೆಯಲ್ಲಿ ಗೆಲ್ಲೋದು ಯಾರು? ನನ್ನ ಜೊತೆ ಕಾಫಿಗೆ ಬರುವವರು, ಮೀಟಿಂಗಲ್ಲಿ ಚೆನ್ನಾಗಿ ಮಾತಾಡುವವರು. ಹುಬ್ಬಳ್ಳಿಯಿಂದ ಸದ್ದಿಲ್ಲದೆ ಕೆಲಸ ಮಾಡಿ ಮುಗಿಸುವ ಹುಡುಗಿ ನನಗೆ ಕಾಣಿಸಿದ್ದೇ ದಾಖಲೆಗಳಲ್ಲಿ. ಬೆಳಕಿಲ್ಲದಿದ್ದರೆ ಅವಳ ಪಾಲಿನ ಹೆಸರು ಇನ್ಯಾರಿಗೋ ಹೋಗುತ್ತಿತ್ತು. ಕತ್ತಲೂ ಪಕ್ಷಪಾತಿಯೇ.

ಕ್ಷೌರದಂಗಡಿಯವರನ್ನು ಗಮನಿಸಿದಾಗ ನನಗೊಂದು ದಾರಿ ಕಾಣುತ್ತೆ. ಅವರ ಕೆಲಸ ಪೂರ್ತಿ ಇನ್ನೊಬ್ಬರ ಮುಖದ ಮೇಲೆ. ಬಲಗೈಯಲ್ಲಿ ಕತ್ತಿ ಇದ್ದರೆ ಎಡಗೈ ಸುಮ್ಮನಿರಲ್ಲ. ಚರ್ಮವನ್ನು ಮೆಲ್ಲಗೆ ಎಳೆದು ಹಿಡಿದಿರುತ್ತೆ, ಕೂದಲು ಯಾವ ಕಡೆ ಬಾಗಿದೆ ಅಂತ ಸವರಿ ನೋಡುತ್ತೆ. ಮಧ್ಯೆ ಮಧ್ಯೆ "ಉರೀತಿದ್ಯಾ ಸಾರ್?" ಅಂತ ಒಂದು ಮಾತು. ಕಣ್ಣಿಗೆ ಕಂಡದ್ದನ್ನು ಬೆರಳು ಪರೀಕ್ಷಿಸುತ್ತೆ, ಬೆರಳಿಗೆ ತಿಳಿಯದ್ದನ್ನು ಬಾಯಿ ಕೇಳಿ ತಿಳಿದುಕೊಳ್ಳುತ್ತೆ. ಇನ್ನೊಬ್ಬರ ಮೇಲೆ ಬೆಳಕು ಹಿಡಿಯುವ ಹಕ್ಕು ಈ ಎಡಗೈ ಇರುವವರಿಗೆ ಮಾತ್ರ ಅನ್ನಿಸುತ್ತೆ.

ಹಾಗಾಗಿ ನನ್ನ ಮಟ್ಟಿಗೆ ಮೂರು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಏನು ಹುಡುಕುತ್ತಿದ್ದೇನೆ ಅಂತ ಮೊದಲೇ ಗೊತ್ತಿಲ್ಲದೆ ಆ ಡ್ಯಾಶ್‌ಬೋರ್ಡ್ ತೆರೆಯಲ್ಲ. ತೆರೆದು ನೋಡಿದ್ದನ್ನು ಆ ವ್ಯಕ್ತಿಗೆ ಹೇಳದೆ ಬಚ್ಚಿಡಲ್ಲ. ಅವರ ಉತ್ತರ ಕೇಳದೆ ಒಂದು ಸಾಲೂ ಬರೆಯಲ್ಲ. ಇದರಿಂದ ಕೆಲಸ ನಿಧಾನವಾಗುತ್ತೆ, ನಿಜ. ನನ್ನ ಮೇಲಿನವರಿಗೆ ಇದು ಇಷ್ಟವಾಗುತ್ತೆ ಅನ್ನುವ ಭರವಸೆಯೂ ಇಲ್ಲ. ಅವರ ಕೈಯಲ್ಲೂ ಒಂದು ದೀಪ ಇದೆ, ಅದು ನನ್ನ ಕಡೆ ತಿರುಗಿದೆ.

ಆ ನಾಲ್ಕರಿಂದ ಐದರ ಗಂಟೆಯ ಬಗ್ಗೆ ನಾನು ಕೇಳಿಲ್ಲ. ಕೆಲಸ ಸರಿಯಾಗಿ ನಡೆಯುವವರೆಗೆ ಕೇಳೋದೂ ಇಲ್ಲ.