ಸೆರಗಿನ ಗಂಟು, ಫೋನಿನ ಗಂಟೆ

ಕಳೆದ ದೀಪಾವಳಿ ಮುಗಿದ ಮೇಲೆ ಅವ್ವ ಪುಣೆಗೆ ಬಂದು ನಮ್ಮ ಮನೆಯಲ್ಲಿ 20 ದಿನ ಇದ್ದಳು. ಬಂದ ದಿನ ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಗದಗಿನಿಂದ ಅವಳೇ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ಸರಿಯಾಗಿ ಎಂಟೂವರೆಗೆ, ಅವಳ ತಾಟಿನ ಪಕ್ಕದಲ್ಲೇ ಇಟ್ಟಿದ್ದ ನನ್ನ ಫೋನು ಟಿಣ್ ಎಂದಿತು. ಪರದೆಯ ಮೇಲೆ ಕನ್ನಡದಲ್ಲೇ ದಪ್ಪ ಅಕ್ಷರ: ‘ಅವ್ವಗ ಫೋನ್ ಮಾಡು. ಸತತ 143 ದಿನ!’

ಅವ್ವ ಮುಲ್ಕಿ ಪಾಸಾದವಳು. ದಪ್ಪ ಅಕ್ಷರ ಓದಲು ಅವಳಿಗೆ ಚಷ್ಮಾ ಬೇಕಿಲ್ಲ. “ಇದೇನಪಾ ತಮ್ಮಾ, ನಾ ಇಲ್ಲೇ ಕುಂತೀನಿ. ಇದು ಯಾವ ಅವ್ವಗ ಫೋನ್ ಮಾಡು ಅಂತೈತಿ?” ಎಂದಳು. ಎಲ್ಲರೂ ನಕ್ಕೆವು. ಏಳನೇ ಕ್ಲಾಸಿನ ನನ್ನ ಮಗಳು ಉತ್ಸಾಹದಿಂದ ವಿವರಿಸಿದಳು. ಪಪ್ಪನ ಫೋನಿನಲ್ಲಿ ಒಳ್ಳೆ ಅಭ್ಯಾಸ ಬೆಳೆಸುವ ಆ್ಯಪ್ ಇದೆ, ನೀರು ಕುಡಿ ಅನ್ನುತ್ತೆ, ವಾಕಿಂಗ್ ಹೋಗು ಅನ್ನುತ್ತೆ, ಗುಳಿಗೆ ತಗೋ ಅನ್ನುತ್ತೆ, ಮಾಡಿದ ಮೇಲೆ ಒತ್ತಿದರೆ ಹಸಿರು ಚುಕ್ಕೆ ಬೀಳುತ್ತೆ, ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, “ಅಂದ್ರ ದಿನಾ ಇದು ಹೇಳಿದ ಮ್ಯಾಲೆ ನೀ ಫೋನ್ ಮಾಡ್ತಿದ್ದಿ?” ಎಂದು ಕೇಳಿದಳು. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಉತ್ತರಕ್ಕೂ ಕಾಯದೆ ರೊಟ್ಟಿ ಮುರಿಯತೊಡಗಿದಳು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಹುಡುಕುತ್ತಿದ್ದೇನೆ.

ಆ್ಯಪ್ ನನ್ನ ಫೋನಿಗೆ ಬಂದದ್ದು ಎರಡು ವರ್ಷದ ಹಿಂದೆ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ನನ್ನ ಬಿಪಿ 150/96 ಇತ್ತು. ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟು, ನಡೆಯಿರಿ, ಉಪ್ಪು ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಮಲಗಿ ಎಂದರು. ಪ್ರಾಜೆಕ್ಟ್ ಮ್ಯಾನೇಜರನಿಗೆ ಇಂಥ ಪಟ್ಟಿ ಸಿಕ್ಕರೆ ಏನು ಮಾಡುತ್ತಾನೆ? ಪ್ಲಾನ್ ಮಾಡುತ್ತಾನೆ. ಬೆಳಿಗ್ಗೆ 6:15ಕ್ಕೆ ವಾಕಿಂಗ್, ಎರಡೆರಡು ತಾಸಿಗೆ ನೀರು, ರಾತ್ರಿ 9ಕ್ಕೆ ಗುಳಿಗೆ. ಸುಳ್ಳು ಹೇಳಬಾರದು, ಕೆಲಸ ಮಾಡಿತು. ಬಿಪಿ ಹಿಡಿತಕ್ಕೆ ಬಂತು, ಐದು ಕಿಲೋ ಇಳಿದೆ. ಆ ಹುಮ್ಮಸ್ಸಿನಲ್ಲೇ ಕಳೆದ ಜೂನ್‌ನಲ್ಲಿ ಇನ್ನೊಂದು ಸಾಲು ಸೇರಿಸಿದೆ: ಅವ್ವಗ ಫೋನ್. ಅಪ್ಪ ತೀರಿಕೊಂಡ ಮೇಲೆ ಅವಳು ಊರಿನಲ್ಲಿ ಒಬ್ಬಳೇ. ಅಲ್ಲಿಯವರೆಗೆ ನಾನು ಫೋನ್ ಮಾಡುತ್ತಿದ್ದದ್ದು ಎಂಟು ಹತ್ತು ದಿನಕ್ಕೊಮ್ಮೆ. ಆಮೇಲೆ ದಿನಾ.

ಈಗ ಪ್ರಶ್ನೆ. ಯಂತ್ರ ಹೇಳಿದ ಮೇಲೆ ಮಾಡಿದ ಫೋನು ಪ್ರೀತಿಯದ್ದೋ, ಬರೀ ಪಾಲನೆಯೋ?

ಮೊದಲು ನನ್ನ ಪರವಾಗಿಯೇ ವಾದಿಸುತ್ತೇನೆ. ಜ್ಞಾಪಿಸುವವರಿಲ್ಲದೆ ಒಳ್ಳೆಯ ಕೆಲಸ ಮಾಡಿದವರು ಎಷ್ಟು ಜನ? ಗುಡಿಯ ಗಂಟೆ, ಮಸೀದಿಯ ಆಜಾನ್, ಹತ್ತಿ ಗಿರಣಿಯ ಭೋಂಗಾ, ಎಲ್ಲವೂ ಹೊತ್ತು ನೆನಪಿಸುತ್ತಿದ್ದವು. ಪರೀಕ್ಷೆಯ ದಿನಗಳಲ್ಲಿ ನಸುಕಿನ ನಾಲ್ಕೂವರೆಗೆ ನನ್ನನ್ನು ಎಬ್ಬಿಸುತ್ತಿದ್ದವಳು ಅವ್ವ. ಆಕೆ ಎಬ್ಬಿಸಿದಳೆಂದು ನನ್ನ ಓದು ನನ್ನದಲ್ಲ ಎನ್ನಲಾದೀತೇ?

ಇಮ್ಯಾನುಯೆಲ್ ಕಾಂಟ್‌ನನ್ನೇ ನೋಡಿ. ಮನುಷ್ಯ ತನಗೆ ತಾನೇ ಕೊಟ್ಟುಕೊಂಡ ನಿಯಮದಂತೆ ನಡೆಯುವುದೇ ನೈತಿಕತೆಯ ತಿರುಳು ಎಂದ ತತ್ವಜ್ಞಾನಿ ಆತ. ಅವನ ಮನೆಯಲ್ಲಿ ಮಾರ್ಟಿನ್ ಲಾಂಪೆ ಎಂಬ ಸೇವಕನಿದ್ದ. ಹಳೆಯ ಸೈನಿಕ. ದಿನಾ ಬೆಳಿಗ್ಗೆ ಐದಕ್ಕೆ ಐದು ನಿಮಿಷವಿರುವಾಗ ಬಂದು ಒಡೆಯನನ್ನು ಎಬ್ಬಿಸುವುದು ಅವನ ಕೆಲಸ. ನಾನು ಎಷ್ಟೇ ಬೇಡಿಕೊಂಡರೂ ಇನ್ನಷ್ಟು ಮಲಗಲು ಬಿಡಬೇಡ ಎಂದು ಕಾಂಟ್‌ನೇ ಅಪ್ಪಣೆ ಮಾಡಿದ್ದ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಎಬ್ಬಿಸುವ ದನಿ ಲಾಂಪೆಯದು, ಎಬ್ಬಿಸು ಎಂಬ ನಿರ್ಧಾರ ಕಾಂಟ್‌ನದು. ನನ್ನ ಫೋನೂ ಹಾಗೆಯೇ ಅಲ್ಲವೇ? ಸಮಾಧಾನವಾಗಿದ್ದ ಹೊತ್ತಿನಲ್ಲಿ ನಾನೇ ಬರೆದಿಟ್ಟ ಮಾತನ್ನು, ಗಡಿಬಿಡಿಯ ಹೊತ್ತಿನ ನನಗೆ ಅದು ಓದಿ ಹೇಳುತ್ತದೆ ಅಷ್ಟೇ.

ನಮ್ಮಂಥ ಊರು ಬಿಟ್ಟವರಿಗೆ ಇನ್ನೊಂದು ಸಬೂಬೂ ಇದೆ. ಊರಿನಲ್ಲಿದ್ದಾಗ ಅವ್ವನನ್ನು ನೆನಪಿಡಬೇಕಾಗಿರಲಿಲ್ಲ. ನೀರು ಕುಡಿಯಲು ಒಳಗೆ ಹೋದರೆ ಎದುರಿಗೆ ಇರುತ್ತಿದ್ದಳು. ಕಣ್ಣಿಗೆ ಬೀಳುತ್ತಿದ್ದದ್ದು ದೂರವಾದಾಗ ನೆನಪಿಡಬೇಕಾದದ್ದಾಗುತ್ತದೆ, ನೆನಪಿಡಬೇಕಾದದ್ದು ಹೆಚ್ಚಾದಾಗ ಪಟ್ಟಿಯಾಗುತ್ತದೆ. ವಾಕಡ್, ಹಿಂಜೆವಾಡಿಯ ಫ್ಲ್ಯಾಟುಗಳಲ್ಲಿ ನಾವೆಲ್ಲ ಪಟ್ಟಿಯ ಮೇಲೆ ಬದುಕುವವರೇ.

ಈ ವಾದ ನನಗೆ ಸರಿ ಎನಿಸಿತ್ತು. ಅವ್ವ ಬಂದು ವಾರವಾದಾಗ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಹೇಳಿದ ಒಂದು ಮಾತು ಕಿವಿಗೆ ಬೀಳುವವರೆಗೆ.

ಆಗಸ್ಟ್‌ನಲ್ಲಿ ಒಂದು ರಿಲೀಸ್ ಇತ್ತು. ಅಮೆರಿಕದ ಕ್ಲೈಂಟ್ ಕಾಲ್‌ನಲ್ಲಿದ್ದರು, ಟೀಮ್ ಆಫೀಸಿನಲ್ಲೇ ಉಳಿದಿತ್ತು. ರಾತ್ರಿ 11:52ಕ್ಕೆ ಫೋನ್ ನೋಡಿದೆ. ಇನ್ನು ಎಂಟು ನಿಮಿಷದಲ್ಲಿ ನಿಮ್ಮ 61 ದಿನದ ಸರಣಿ ಮುರಿಯುತ್ತದೆ ಎಂದು ಕೆಂಪಗೆ ಬರೆದಿತ್ತು. ಕಾರಿಡಾರಿಗೆ ಹೋಗಿ ಅವ್ವನಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ರಿಂಗ್ ಆದ ಮೇಲೆ ಎತ್ತಿದಳು. “ಏನಾತು? ಎಲ್ಲಾರೂ ಆರಾಮ ಅದೀರಿಲ್ಲೋ?” “ಏನಿಲ್ಲವ್ವಾ, ಸುಮ್ಮನ ಮಾಡಿದೆ. ಮಲಕೋ.” ನಲವತ್ತು ಸೆಕೆಂಡು. ಹಸಿರು ಚುಕ್ಕೆ ಒತ್ತಿ ಕಾಲ್‌ಗೆ ಮರಳಿದೆ.

ಅವ್ವ ಹೆಂಡತಿಗೆ ಹೇಳಿದ್ದು ಇಷ್ಟು: ಆ ರಾತ್ರಿ ಬೆಳಗಿನವರೆಗೆ ಅವಳಿಗೆ ನಿದ್ದೆ ಹತ್ತಲಿಲ್ಲವಂತೆ. ಅಪ್ಪ ಹೋದ ಸುದ್ದಿ ಆಸ್ಪತ್ರೆಯಿಂದ ಬಂದದ್ದೂ ಅಂಥದ್ದೇ ಹೊತ್ತಿನ ಫೋನಿನಲ್ಲಿ. ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡು ದೇವರ ಮುಂದೆ ಕೂತಿದ್ದಳಂತೆ.

ಆ ಫೋನು ಯಾರಿಗಾಗಿ ಮಾಡಿದ್ದು? ಅವ್ವನಿಗಾಗಿ ಅಲ್ಲ, 61 ಎಂಬ ಸಂಖ್ಯೆಗಾಗಿ. ಅವಳಿಗಾಗಿಯೇ ಆಗಿದ್ದರೆ ಆ ಹೊತ್ತಿನಲ್ಲಿ ಮಾಡದೇ ಇರುವುದೇ ಪ್ರೀತಿಯಾಗುತ್ತಿತ್ತು. ಅದು ಗೊತ್ತಾಗಲು ನನಗೆ ಯಾವ ಆ್ಯಪೂ ಬೇಕಿರಲಿಲ್ಲ, ಅವಳನ್ನು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಹಸಿರು ಚುಕ್ಕೆ ಆ ಒಂದು ಕ್ಷಣವನ್ನೇ ಉಳಿತಾಯ ಮಾಡಿಕೊಟ್ಟಿತ್ತು. ನಮ್ಮ ವೃತ್ತಿಯಲ್ಲಿ ‘ಕಲ್ಲಂಗಡಿ ರಿಪೋರ್ಟ್’ ಅನ್ನುತ್ತೇವೆ, ಮೇಲೆ ಹಸಿರು, ಕೊಯ್ದರೆ ಒಳಗೆಲ್ಲ ಕೆಂಪು. ಜೂನಿಯರ್‌ಗಳು ಅಂಥ ಸ್ಟೇಟಸ್ ತಂದರೆ ನಾನು ಬಯ್ಯುತ್ತೇನೆ. ನನ್ನ 143 ದಿನಗಳಲ್ಲಿ ಎಷ್ಟು ಕಲ್ಲಂಗಡಿಗಳಿದ್ದವೋ.

ಅರಿಸ್ಟಾಟಲ್ ಈ ಜಾಗದಲ್ಲಿ ಸಹಾಯಕ್ಕೆ ಬರುತ್ತಾನೆ. ವೀಣೆಯಂಥ ವಾದ್ಯವನ್ನು ನುಡಿಸಿ ನುಡಿಸಿಯೇ ವಾದಕನಾಗುವಂತೆ, ನ್ಯಾಯದ ಕೆಲಸ ಮಾಡಿ ಮಾಡಿಯೇ ನ್ಯಾಯವಂತನಾಗುತ್ತಾನೆ ಎಂಬುದು ಅವನ ಪ್ರಸಿದ್ಧ ಮಾತು. ಅಭ್ಯಾಸದ ಆ್ಯಪ್‌ಗಳ ಪರ ವಾದಿಸುವವರಿಗೆ ಇದು ಬಹಳ ಇಷ್ಟ. ಆದರೆ ಅದೇ ‘ನಿಕೋಮೇಕಿಯನ್ ಎಥಿಕ್ಸ್’ನ ಅದೇ ಎರಡನೆಯ ಭಾಗದಲ್ಲಿ ಅವನು ಒಂದು ಷರತ್ತನ್ನೂ ಹಾಕುತ್ತಾನೆ. ಕೆಲಸ ಹೊರಗಿನಿಂದ ಸರಿಯಾಗಿ ಕಂಡರೆ ಸಾಲದು. ಮಾಡುವವನು ತಿಳಿದು ಮಾಡಬೇಕು, ಆ ಕೆಲಸವನ್ನು ಅದಕ್ಕಾಗಿಯೇ ಆರಿಸಿಕೊಂಡಿರಬೇಕು, ಗಟ್ಟಿಯಾದ ಸ್ವಭಾವದಿಂದ ಅದು ಹೊಮ್ಮಬೇಕು. ಎರಡನೆಯ ಷರತ್ತಿನಲ್ಲೇ ನಾನು ನಪಾಸು.

ಹಾಗಾದರೆ ಅಭ್ಯಾಸ ಬೆಳೆಯಲು ಒಂದು ದಿನವೂ ತಪ್ಪಬಾರದು ಎಂಬ ನಿಯಮವಾದರೂ ನಿಜವೇ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟ ಮುಟ್ಟಲು ಒಬ್ಬೊಬ್ಬರಿಗೆ 18ರಿಂದ 254 ದಿನ ಬೇಕಾಗುತ್ತದೆ ಎಂದು ಅವರು ಅಂದಾಜಿಸಿದರು, ನಡುವಿನ ಅಂಕಿ 66. ಆ್ಯಪ್‌ಗಳು ಹೆಚ್ಚು ಹೇಳದ ಮಾತೂ ಅದರಲ್ಲಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ. ಅಂದಮೇಲೆ ಸೊನ್ನೆಗೆ ಇಳಿಸುವ ಬೆದರಿಕೆ ಯಾರಿಗೆ ಬೇಕು? ನಾನು ಆ್ಯಪನ್ನು ಬಿಟ್ಟುಹೋಗದಿರಲಿ ಎಂದು ಬಯಸುವವರಿಗೆ. ದಿನಕ್ಕೆ 10,000 ಹೆಜ್ಜೆ ಎಂಬ ಅಂಕಿಯೂ ಹೀಗೇ ಬಂದದ್ದು. ಅದರ ಮೂಲ ವೈದ್ಯಶಾಸ್ತ್ರದಲ್ಲಿಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಲ್ಲಿದೆ. ಆ ಅಂಕಿ ಮುಟ್ಟಲೆಂದು ರಾತ್ರಿ ಹನ್ನೊಂದಕ್ಕೆ ನಾನು ಹಾಲ್‌ನಲ್ಲಿ ಸೋಫಾ ಸುತ್ತಿದ್ದುಂಟು, ಹೊತ್ತಿಗೆ ಸರಿಯಾಗಿ ಮಲಗಿ ಎಂದ ಡಾಕ್ಟರ ಮಾತನ್ನು ಮುರಿದು.

ಕನ್ನಡದಲ್ಲಿ ಮೂರು ಮಾತುಗಳಿವೆ: ಅಭ್ಯಾಸ, ರೂಢಿ, ಚಟ. ಅಭ್ಯಾಸ ನಾವು ಶ್ರಮಪಟ್ಟು ಮಾಡುವುದು, ಶಾಲೆಯ ಓದಿಗೂ ಅದೇ ಹೆಸರು. ರೂಢಿ ಯೋಚನೆಯಿಲ್ಲದೆ ನಡೆಯುವುದು. ಚಟ ನಮ್ಮನ್ನೇ ಹಿಡಿದುಕೊಂಡದ್ದು. ಅವ್ವನಿಗೆ ಫೋನ್ ಮಾಡುವುದು ನನಗೆ ರೂಢಿಯಾಯಿತು, ಸಂಖ್ಯೆ ಚಟವಾಯಿತು, ಅಭ್ಯಾಸ ಮಾತ್ರ ಎಲ್ಲೋ ಜಾರಿಹೋಗಿತ್ತು.

ಅವ್ವ ಹೊರಡುವ ಹಿಂದಿನ ದಿನ ಬಾಲ್ಕನಿಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಕೇಳಿದೆ, “ಅವ್ವಾ, ಮನಿ, ಹೊಲ, ನಮ್ಮ ಸಾಲಿ ಫೀ, ಇದನ್ನೆಲ್ಲಾ ನೀ ಹೆಂಗ ನೆನಪಿಡ್ತಿದ್ದಿ?”

“ಸೆರಗಿಗೆ ಗಂಟು ಹಾಕೊಂತಿದ್ದೆ. ಕೈಗೆ ಗಂಟು ಹತ್ತಿತಂದ್ರ, ಏನೋ ಐತಲ್ಲಾ ಅಂತ ನೆನಸ್ಕೋಬೇಕು.”

“ನೆನಪಾಗಲಿಲ್ಲಂದ್ರ?”

“ನೆನಪಾಗೂತನಾ ಗಂಟು ಬಿಚ್ಚೂದಿಲ್ಲ.”

ಇದು ನನಗೆ ಕಾಂಟ್, ಅರಿಸ್ಟಾಟಲ್ ಇಬ್ಬರೂ ಬಿಡಿಸದ ಗಂಟನ್ನು ಬಿಡಿಸಿತು. ಸೆರಗಿನ ಗಂಟೂ ಜ್ಞಾಪನೆಯೇ. ಆದರೆ ಅದು ಏನು ಎಂದು ಹೇಳುವುದಿಲ್ಲ, ಏನೋ ಇದೆ ಎಂದಷ್ಟೇ ಹೇಳುತ್ತದೆ. ನೆನೆಯುವ ಕೆಲಸ ಇನ್ನೂ ನಮ್ಮದೇ. ಕಾಳು ನೀರಿನಲ್ಲಿ ನೆನೆಯುವುದಕ್ಕೂ ಮನಸ್ಸಿನಲ್ಲಿ ಒಬ್ಬರನ್ನು ನೆನೆಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತಿದೆ, ಎರಡಕ್ಕೂ ಸ್ವಲ್ಪ ಹೊತ್ತು ಬೇಕು. ಫೋನು ಆ ಹೊತ್ತನ್ನು ಕೊಡುವುದಿಲ್ಲ. ಯಾರಿಗೆ, ಯಾವಾಗ, ಏನು ಎಂಬುದೆಲ್ಲ ಅದೇ ಹೇಳಿ, ಒತ್ತುವ ಬೆರಳನ್ನಷ್ಟೇ ನಮಗೆ ಬಿಡುತ್ತದೆ.

ಎಲ್ಲದಕ್ಕೂ ಹೀಗೆ ನೆನೆಯುತ್ತ ಕೂರಬೇಕಿಲ್ಲ. ಬಿಪಿ ಗುಳಿಗೆಯನ್ನು ಪ್ರೀತಿಯಿಂದ ನುಂಗಿದರೂ ಬೇಸರದಿಂದ ನುಂಗಿದರೂ ಕೆಲಸ ಅಷ್ಟೇ. ಅದಕ್ಕೆ ಗಂಟೆ ಇರಲಿ, ನೀರಿಗೂ ಇರಲಿ. ವಾಕಿಂಗ್ ಅಂತೂ ಗಂಟೆಯಿಂದ ಶುರುವಾಗಿ ಈಗ ನಿಜಕ್ಕೂ ಬೇಕೆನಿಸುವ ಸಂಗತಿಯಾಗಿದೆ, ಎಷ್ಟೋ ದಿನ ಗಂಟೆಗಿಂತ ಮೊದಲೇ ಏಳುತ್ತೇನೆ. ಮೈಯ ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸಿ ನೆಮ್ಮದಿಯಾಗಿರಬಹುದು. ಆದರೆ ಕೆಲಸದ ಆ ತುದಿಯಲ್ಲಿ ಇನ್ನೊಬ್ಬ ಮನುಷ್ಯನಿದ್ದಾಗ, ಅವರ ಬಗ್ಗೆ ಯೋಚಿಸುವುದೇ ಕೆಲಸದ ಮುಖ್ಯ ಭಾಗ. ಅದನ್ನು ಬಿಟ್ಟು ಉಳಿದದ್ದನ್ನು ಎಷ್ಟು ದಿನ ಸತತ ಮಾಡಿದರೇನು?

ಇಷ್ಟು ತಿಳಿದ ಮೇಲೆ, ಅವ್ವ ಊರಿಗೆ ಹೋದ ದಿನವೇ ಆ್ಯಪಿನಿಂದ ಅವಳ ಸಾಲನ್ನು ಅಳಿಸಿದೆ. ಇನ್ನು ಮೇಲೆ ನಾನಾಗಿಯೇ ನೆನೆದು ಮಾಡುತ್ತೇನೆ ಎಂಬ ಹುರುಪು. ಮೊದಲ ದಿನ ಮಾಡಿದೆ, ಎರಡನೆಯ ದಿನವೂ ಮಾಡಿದೆ. ಮೂರನೆಯ ದಿನ ಪ್ರೊಡಕ್ಷನ್‌ನಲ್ಲಿ ಏನೋ ಕೈಕೊಟ್ಟಿತು. ಎಂಟನೆಯ ದಿನ ಅವಳದ್ದೇ ಫೋನ್ ಬಂತು: “ಏನಪಾ, ಗಂಟು ಬಿಚ್ಚಿಹೋತೇನು?”

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಗಂಟೆಯಿಲ್ಲದ ನನ್ನ ಪ್ರೀತಿಯ ಉದ್ದ ಎರಡು ದಿನ ಎಂಬುದು ನನ್ನ ಬಗ್ಗೆ ನಾನು ತಿಳಿದುಕೊಂಡ ಸತ್ಯ. ಆ್ಯಪನ್ನು ಬಯ್ಯುವುದು ಸುಲಭ. ಆದರೆ ಅದು ಬರುವ ಮೊದಲೂ ನಾನು ಹತ್ತು ದಿನಕ್ಕೊಮ್ಮೆ ಫೋನ್ ಮಾಡುವ ಮಗನೇ ಆಗಿದ್ದೆ. ಮರೆವು ಯಂತ್ರ ತಂದದ್ದಲ್ಲ, ಯಂತ್ರ ಅದನ್ನು ಹಸಿರು ಬಣ್ಣದಿಂದ ಮುಚ್ಚಿತ್ತು ಅಷ್ಟೇ.

ಹಾಗಾಗಿ ಗಂಟೆಯನ್ನು ಮತ್ತೆ ಇಟ್ಟುಕೊಂಡಿದ್ದೇನೆ. ಆ್ಯಪಿನಲ್ಲಲ್ಲ, ಫೋನಿನ ಸಾದಾ ಅಲಾರ್ಮಿನಲ್ಲಿ. ಲೆಕ್ಕವಿಲ್ಲ, ಚುಕ್ಕೆಯಿಲ್ಲ. ಎಂಟೂವರೆಗೆ ಹೊಡೆದಾಗ ಪರದೆಯ ಮೇಲೆ ಒಂದೇ ಪದ ಬರುತ್ತದೆ: ‘ಗಂಟು’. ಅದನ್ನು ನೋಡಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಅವ್ವ ಈಗ ಏನು ಮಾಡುತ್ತಿರಬಹುದು, ನಿನ್ನೆ ಏನೋ ಹೇಳುತ್ತಿದ್ದಳಲ್ಲ ಎಂದು ನೆನೆಯುತ್ತೇನೆ. ಮೊನ್ನೆ ಹಾಗೆ ನಿಂತಾಗ, ಅವಳ ಕಣ್ಣಿನ ಡ್ರಾಪ್ಸ್ ಮುಗಿಯುತ್ತ ಬಂದಿದೆ ಎಂದದ್ದು ನೆನಪಾಯಿತು. ಕೇಳಿದೆ. “ನಿನಗ ನೆನಪೈತೇನು?” ಎಂದಳು. ಆ ದನಿಯನ್ನು 143 ದಿನಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಕೆಲವು ದಿನ ಏನೂ ನೆನಪಾಗುವುದಿಲ್ಲ. ಆಗ ಅಲಾರ್ಮ್ ನಿಲ್ಲಿಸುವುದಿಲ್ಲ, ಹತ್ತು ನಿಮಿಷ ಮುಂದೆ ಹಾಕುತ್ತೇನೆ. ಹಾಗೆ ಮುಂದೆ ಹಾಕುತ್ತ ಅವಳು ಮಲಗುವ ಹೊತ್ತಾದರೆ, ಅಂದು ಫೋನ್ ಮಾಡುವುದಿಲ್ಲ.

ಇದೂ ಒಂದು ದಿನ ರೂಢಿಯಾಗಿ, ‘ಗಂಟು’ ಎಂಬ ಪದ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳದಂತಾಗಬಹುದು. ಆಗ ಬೇರೆ ಗಂಟು ಹಾಕಿಕೊಳ್ಳಬೇಕು. ಮರೆಯುವ ನನ್ನಂಥವನಿಗೆ ಅಷ್ಟು ಕೆಲಸ ಉಳಿದೇ ಇರುತ್ತದೆ.