ಕಡೆಗಣನೆಯೂ ಮಾನಕಷಾಯವೂ

ಮಾನವು ನಾಲ್ಕು ಕಷಾಯಗಳಲ್ಲೊಂದು. ಹಾಗಾದರೆ ಲೋಕವು ತನ್ನನ್ನು ಕಡೆಗಣಿಸಿದಾಗ ಶ್ರಾವಿಕೆಯು ಸುಮ್ಮನಿರುವುದೇ ಧರ್ಮವೆ?

ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿಯು 1552ರಿಂದ ಐದು ದಶಕಗಳಿಗೂ ಮಿಗಿಲಾಗಿ ಆಳಿದಳು. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದರು. ರಾಜ್ಯವನ್ನು ಬಿಟ್ಟು ಸರಕನ್ನಷ್ಟೇ ಕಂಡ ಹೆಸರದು! ಆಕೆಗೋ ಆ ಸರಕೇ ಬಲವಾಯಿತು. ಹೊನ್ನಾವರ, ಭಟ್ಕಳದ ಬಂದರುಗಳಿಂದ ಹೊರಡುವ ಮೆಣಸು ಬೇಕೆಂದರೆ ಆಕೆಯೊಡನೆ ಮಾತಿಗೆ ಬರಲೇಬೇಕಿತ್ತು. ಕುಮಟೆಯ ಬಳಿಯ ಮಿರ್ಜಾನ ಕೋಟೆಯೂ ಆಕೆಯದೆಂದೇ ಪ್ರತೀತಿ. ಪ್ರಜೆಗಳ ಹೊಣೆ ಹೊತ್ತವಳ ಈ ದೃಢತೆಯನ್ನು ಕಷಾಯವೆನ್ನಲು ನನ್ನ ಮನಸ್ಸು ಒಪ್ಪದು.

1606ರ ಸುಮಾರಿಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತು ಸೆರೆಯಾದಳೆಂಬುದೂ ನಿಜವೇ. ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಯಾತ್ರೆ ಹೋಗುವ ನಾವು, ನಮ್ಮೂರ ಬಸದಿಯ ಆಡಳಿತ ಮಂಡಳಿಗೆ ಎಷ್ಟು ಮಂದಿ ಶ್ರಾವಿಕೆಯರನ್ನು ಕರೆದಿದ್ದೇವೆ?